ಜೂನ್ ತಿಂಗಳ ಗೂಡು

ಮೂರನೆಯ ಸಲ ಫೋನು. ಎವ್ಡೋಸಿಯಾ ಮಾನ್ಸೀಯಾ,
ನಮ್ಮ ಕೊಯ್ಹಾಯ್ಕೆಯ ಮೇಲಿನ ಬೀದಿಯವಳು,
ಎಪ್ಪತ್ತೆರಡಾದರೂ ಕೊಡಲಿ ಬಿಡದ ಕೈ:
"ನೊಲ್ಬೆರ್ತೋ, ನೀನು ಕೂರಿಸಿದ ಒಲೆ
ನನ್ನ ಮುಖದ ಮೇಲೇ ಉಸಿರು ಬಿಡುತ್ತಿದೆ."

ಮೊದಲ ಸಲ ಫೋನಿನಲ್ಲೇ ಹೇಳಿದ್ದೆ.
ಅದು ಬಣ್ಣದ ವಾಸನೆ ತಾಯೀ,
ಹೊಸ ಕಬ್ಬಿಣಕ್ಕೆ ಬಳಿದ ಕಪ್ಪು
ಮೂರು ಬೆಂಕಿ ಕಾಣುವತನಕ ಹಸಿಯೇ.
ಮೊದಲು ಸಣ್ಣ ಉರಿ, ಆಮೇಲೆ ಇನ್ನೊಂದಿಷ್ಟು,
ಮೂರನೆಯ ದಿನ ಜೋರಾಗಿ ಉರಿಸು,
ಕಿಟಕಿ ಬಾಗಿಲು ತೆರೆದಿಟ್ಟು
ಪಕ್ಕದ ಮನೆಯಲ್ಲಿ ಹರಟೆ ಹೊಡೆದು ಬಾ.
"ಹೊರಗೆ ಸೊನ್ನೆಗಿಂತ ಎಂಟು ಕೆಳಗೆ.
ಪಕ್ಕದವಳ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ,"
ಅಂದಳು. ಇಟ್ಟಳು.

ಎರಡನೆಯ ಸಲ, ಸೌದೆ ಹಸಿಯಿರಬೇಕು ಅಂದೆ.
ಆ ಮಾತು ಆಡಬಾರದಿತ್ತು.
ಲೆಂಗಾ ಮರ, ಎರಡು ಬೇಸಿಗೆ ಉಂಡದ್ದು,
ತಾನೇ ಸೀಳಿ ತಾನೇ ಒಟ್ಟಿದ್ದು.
ಎರಡು ತುಂಡು ಒಂದಕ್ಕೊಂದು ಬಡಿದು
ಫೋನಿನಲ್ಲೇ ಕೇಳಿಸಿದಳು:
ಟಣ್.
ಒಣಗಿದ ಕಟ್ಟಿಗೆ ಸುಳ್ಳು ಹೇಳುವುದಿಲ್ಲ.

ಏಣಿ ಹೊತ್ತು ಹೋದೆ.
ಹಳೆಯ ಒಲೆ ಹಿತ್ತಿಲಲ್ಲಿ, ಅದರೊಳಗೆ ಕೋಳಿ.
ಒಳಗೆ ಎದೆಮಟ್ಟಕ್ಕೆ ನೀಲಿ ಹೊಗೆ,
ಬೆಕ್ಕು ಮೇಜಿನಡಿಯಲ್ಲಿ ನೆಲಕ್ಕಂಟಿ ಕೂತಿತ್ತು,
ಮನೆಯಲ್ಲಿ ಎಲ್ಲರಿಗಿಂತ ತಿಳಿದವರ ಹಾಗೆ.
ಬೆಂಕಿಯಿಲ್ಲದೆ ಹೊಗೆಯಾಡದಂತೆ;
ಇಲ್ಲಿ ಹೊಗೆಯೇ ಎಲ್ಲ, ಬೆಂಕಿ ಹೆಸರಿಗೆ.

ಕಿಟಕಿ ಒಂದು ಬೆರಳು ತೆರೆದೆ. ಬದಲಾಗಲಿಲ್ಲ.
ಅಡುಗೆಗೆ ಫ್ಯಾನು ಹಾಕುತ್ತೀಯಾ ಅಂದೆ.
"ಎಲ್ಲಿದೆ ತೋರಿಸು, ಹಾಕುತ್ತೇನೆ."
ಚಳಿಗೆ ಕೊಳವೆಯೊಳಗೆ ತಣ್ಣನೆಯ ಗಾಳಿ
ಬಿರಡೆಯಂತೆ ಕೂತಿರುತ್ತದೆ ಒಮ್ಮೊಮ್ಮೆ:
ಪತ್ರಿಕೆಯ ಹಾಳೆ ಸುರುಳಿ ಸುತ್ತಿ ಹಚ್ಚಿ ಹಿಡಿದೆ.
ಚುನಾವಣೆಯ ಸುದ್ದಿ ಉರಿಯಿತು,
ಹೊಗೆ ಹಾಗೆಯೇ ಹೊರಳಿ ನನ್ನ ಕಣ್ಣಿಗೆ ಬಂತು.

ತಗಡಿನ ಮಾಡು ಹತ್ತಿದೆ. ಮೇಲೆ ಟೋಪಿ ಚೊಕ್ಕಟ.
ಕೆಳಗೆ ಊರಿನ ಹೊಗೆಯೆಲ್ಲ
ಕಣಿವೆ ಬಿಟ್ಟು ಹೋಗಲಾರದೆ ಮಲಗಿತ್ತು.
ಈ ಒಂದು ಕೊಳವೆ ಮಾತ್ರ ಖಾಲಿ.

ಒಲೆ ಆರಿಸಿ, ಆರುವತನಕ ಅವಳ ಮಾತೆ ಕುಡಿದು,
ಒಳಗಿನ ಅಡ್ಡ ತಗಡಿನ ಮೇಲೆ
ಮೊಣಕೈವರೆಗೂ ಕೈ ತೂರಿಸಿದೆ.
ಏನೋ ಮೆತ್ತಗೆ, ಅಂಚು ಕರಟಿದ್ದು.
ಎಳೆಯುವ ಮೊದಲೇ ಬೆರಳಿಗೆ ಗುರುತಾಯಿತು,
ಬೆರಳಿಗಲ್ಲದೆ ಇನ್ನಾರಿಗೆ ಗೊತ್ತಾಗಬೇಕು.
ನನ್ನ ಎಡಗೈಯ ಕೈಗವಸು.
ಒಲೆ ಕೂರಿಸಿದ ದಿನ ಕಳೆದದ್ದು.
ಕದ್ದೆ ಎಂದು ಸೋದರಳಿಯ ಲಿಸಾಂದ್ರೋನನ್ನು
ಬೀದಿಯಲ್ಲಿ ನಿಲ್ಲಿಸಿ ಬೈದದ್ದು.

ಅವಳು ಬೆನ್ನು ತಿರುಗಿಸಿ ನೀರು ಕಾಯಿಸುತ್ತಿದ್ದಳು.
ಜೇಬಿಗಿಳಿಸಿದೆ.
"ಏನಿತ್ತು?"
"ಗೂಡು," ಅಂದೆ, "ಚೆರ್ಕಾನ್ ಹಕ್ಕಿಯದು."
"ಜೂನ್ ತಿಂಗಳಲ್ಲಿ?"
ಕುಂಬಳಕಾಯಿ ಕಳ್ಳನ ಕೈ ಹೆಗಲಿಗೆ ಹೋಗುವಂತೆ
ನನ್ನದು ಜೇಬಿಗೆ ಹೋಯಿತು.
"ನಲವತ್ತು ವರ್ಷ ಕುರಿ ಸುಲಿದವಳು ನಾನು,
ತೊಗಲು ಸುಟ್ಟ ವಾಸನೆ ಮೊದಲ ದಿನವೇ ಗೊತ್ತಿತ್ತು.
ಯಾವ ಪ್ರಾಣಿಯದು ಎಂದಷ್ಟೇ ತಿಳಿದಿರಲಿಲ್ಲ."
ಇಷ್ಟು ಹೇಳಿ, ಮತ್ತೆ ಮಾತೆ ತುಂಬಿ ಕೊಟ್ಟಳು.

ಕಡ್ಡಿ ಗೀರಿದಳು. ಉರಿ ಒಮ್ಮೆ ತಲೆ ತಗ್ಗಿಸಿ
ಸೊರ್ರೆಂದು ಮೇಲಕ್ಕೆ ಹೊರಟಿತು.
ಬೆಕ್ಕು ಮೇಜಿನಡಿಯಿಂದ ಬಂತು.
ಇಬ್ಬರೂ ಮಾತಾಡಲಿಲ್ಲ.

ಇಳಿಜಾರಿನಲ್ಲಿ ಏಣಿ ಹೊತ್ತು ಬಂದೆ,
ಬಲಗೈಗೆ ಗವಸು, ಎಡಗೈ ಬರಿದು,
ಗಾಳಿ ಆ ಐದು ಬೆರಳನ್ನೇ ಆರಿಸಿ ಕಚ್ಚುತ್ತಿತ್ತು.
ಲಿಸಾಂದ್ರೋನ ಗೇಟಿನೆದುರು ನಿಂತೆ.
ಅವನ ಕಿಟಕಿಯಲ್ಲಿ ದೀಪವಿತ್ತು,
ಕೊಳವೆಯಲ್ಲಿ ಹೊಗೆ ನೆಟ್ಟಗಿತ್ತು.
ಅದನ್ನೂ ನಾನೇ ಕೂರಿಸಿದ್ದು, ಅವನು ಏಣಿ ಹಿಡಿದಿದ್ದ.
ಹಕ್ಕಿಯ ಕಥೆ ಇಲ್ಲಿ ನಡೆಯದು.
ಕರಟಿದ್ದನ್ನು ಜೇಬಿನಿಂದ ತೆಗೆದು
ಏಣಿ ಬೇಲಿಗೆ ಒರಗಿಸಿದೆ.